ನಿಯಮ ನಲವತ್ತೊಂದು

ಸಾಹೇಬರು ಬಂದ ಮೊದಲ ದಿನ
ಶಾಖ ಅಳೆಯುವ ಕಡ್ಡಿ ತಂದಿದ್ದರು.
ಬಾಣಲೆಯ ಮರಳಿಗೆ ಚುಚ್ಚಿ ಬರಕೊಂಡರು:
ಬಿಸಿ ಇಷ್ಟು, ತೇವ ಇಷ್ಟು, ಉಪ್ಪು ಇಷ್ಟು.
'ಹೀಗಿದ್ದರೆ, ಆಗ ಹಾಗೆ' ಎಂದು
ಹನ್ನೊಂದು ನಿಯಮ.
ಫೋನಿಗೆ ತುಂಬಿಕೊಟ್ಟು ಹೇಳಿದರು,
ಮಂಡಕ್ಕಿ ಅರಳದಿದ್ದರೆ ಇನ್ನು ಇದನ್ನು ಕೇಳಿ.

ಯಾರೂ ಕೇಳಲಿಲ್ಲ.

ಆ ಪಟ್ಟಿ ಕಾಯುವುದು ನನ್ನ ಕೆಲಸ, ತಿಂಗಳಿಗೆ ಆರು ಸಾವಿರ.
ಆಜಾದ್ ನಗರದಲ್ಲಿ ಸೈಕಲ್ ಅಂಗಡಿ ಮೇಲಿನ ಕೋಣೆ,
ಕಿಟಕಿ ತೆಗೆದರೆ ಹೊಟ್ಟಿನ ಹೊಗೆ,
ಮುಚ್ಚಿದರೆ ಸೆಕೆ.
ಎರಡು ತಿಂಗಳು ಪರದೆಯ ಮೇಲೆ
ನನ್ನ ಮುಖ ನಾನೇ ನೋಡಿಕೊಂಡೆ.

ಆಮೇಲೆ ವಾಟ್ಸಪ್ಪಿನಲ್ಲಿ ಒಂದು ಗುಂಪು ಮಾಡಿದೆ.
ಭಟ್ಟಿಯವರನ್ನೆಲ್ಲ ಸೇರಿಸಿದೆ.
ಮೂರು ದಿನ ಬರೀ ಹೂವು, ಶುಭೋದಯ,
ಯಾರದೋ ಕಳೆದ ಮೇಕೆಯ ಚಿತ್ರ.
ನಾಲ್ಕನೇ ರಾತ್ರಿ ಮೂರೂ ಹತ್ತಕ್ಕೆ
ದಾದಾಪೀರ್ ಕೈತಪ್ಪಿ ಒಂದು ದನಿ ಕಳಿಸಿದ,
ಹುಡುಗನಿಗೆ ಬೈಯುತ್ತಿದ್ದ:
'ಲೇ, ಅಕ್ಕಿ ಹಲ್ಲಿಗೆ ಹಾಕಿ ನೋಡಲೇ!
ಕಟ್ ಅಂದ್ರೆ ಒಣಗೈತಿ,
ಕಚ್ ಅಂದ್ರೆ ಇನ್ನೂ ಬಿಸಿಲು ಬೇಕು.'

ಅದನ್ನೇ ಹನ್ನೆರಡನೆಯದಾಗಿ ಬರೆದೆ.

ಸಾಹೇಬರು ಕೇಳಿದರು, ಕಟ್ ಎಂದರೆ ಎಷ್ಟು ಪರ್ಸೆಂಟು?
ಕೇಳಿ ಹೇಳುತ್ತೇನೆ ಎಂದೆ. ಕೇಳಿದೆ.
ದಾದಾಪೀರ್ ನಕ್ಕ: 'ಅವರಿಗೆ ಹಲ್ಲು ಅದಾವೇನು?'

ಆಮೇಲೆ ನಿಲ್ಲಲಿಲ್ಲ.
ಭಟ್ಟಿ ಆರಿಸಿ ಬಂದವರು, ಹಚ್ಚಲು ಹೊರಟವರು,
ಬಸುರಿ ಸೊಸೆಗೆ ರಜೆ ಕೊಟ್ಟು ತಾನೇ ಕೂತ ಅತ್ತೆ.
ಚಮನ್‌ಬಿ ಹೇಳಿದಳು, ಮರಳನ್ನು ಕಿವಿಯಿಂದ ನೋಡಬೇಕು,
ಮೊದಲ ಹಿಡಿ ಬಿದ್ದಾಗ ತಗಡಿನ ಮೇಲೆ
ಬಿಡಿ ಬಿಡಿ ಮಳೆ ಬಿದ್ದಂಗೆ, ಜೋರು ಮಳೆ ಅಲ್ಲ.
ಹಾಗಂತಲೇ ಟೈಪಿಸಿದೆ.
ಅದರ ಪಕ್ಕ ಅವಳ ದನಿಯನ್ನೂ ಇಟ್ಟೆ.

ಜಗಳವೂ ಆಯಿತು.
ಮರಳು ಹಳೆಯದಾದಷ್ಟೂ ಚಂದ, ಎಂದ ದಾದಾಪೀರ್.
ಇಪ್ಪತ್ತು ದಿನಕ್ಕೆ ಬದಲಿಸದಿದ್ದರೆ ಮಂಡಕ್ಕಿ ಕಂದು, ಎಂದಳು ಚಮನ್‌ಬಿ.
ಎಂಬತ್ತಾರು ಸಂದೇಶ, ಒಂದೆರಡು ಕೆಟ್ಟ ಮಾತು,
ಇಬ್ಬರು ಗುಂಪು ಬಿಟ್ಟರು, ಸಂಜೆಗೆ ವಾಪಸ್ಸು.
ಒಂದನ್ನು ಅಳಿಸಿ, ಎಂದರು ಸಾಹೇಬರು,
ಯಂತ್ರಕ್ಕೆ ಎರಡು ನಾಲಗೆ ಇರಬಾರದು.
ನಾನು ಅಳಿಸಲಿಲ್ಲ.
ಹೊಸದೊಂದು ಕಲಂ ಹಾಕಿದೆ: ಹೇಳಿದವರು ಯಾರು,
ಭಟ್ಟಿಯ ಬಾಯಿ ಯಾವ ಕಡೆ.
ದಾದಾಪೀರನದು ಪಡುವಣಕ್ಕೆ, ಗಾಳಿ ನೇರ ಒಳಗೆ.
ಚಮನ್‌ಬಿಯದು ಗೋಡೆಗೆ.
ಇಬ್ಬರೂ ಸರಿ ಇರಬಹುದು. ಇರಬಹುದು ಅಷ್ಟೇ,
ಮಳೆಗಾಲ ಇನ್ನೂ ನೋಡಿಲ್ಲ.

ಈಗ ಫೋನು ಕೇಳಿದರೆ ಹೇಳುತ್ತದೆ,
ಹೇಳುವ ಮೊದಲು ತಾನೂ ಕೇಳುತ್ತದೆ.
ಅಕ್ಕಿ ಜಗಿದೆಯಾ? ಸದ್ದು ಹೇಗಿತ್ತು?
ಕೆಲವರು ಅದಕ್ಕೇ ಬೈದು ಕಳಿಸುತ್ತಾರೆ,
ಅದನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಹಜರತ್‌ಬಿ ಹತ್ತಿರ ಫೋನಿಲ್ಲ.
ನಲವತ್ತು ವರ್ಷ ಬೆಂಕಿ ಮುಂದೆ ಕೂತು
ಒಂದು ಕಣ್ಣು ಬೆಳ್ಳಗಾಗಿದೆ.
ಎಲ್ಲರೂ ಕೊನೆಗೆ ಅವಳನ್ನೇ ಕೇಳುವುದು, ಹಾಗಾಗಿ
ಮೊಮ್ಮಗನ ಫೋನಿಗೆ ಅವಳ ಮಾತು ಹಿಡಿಸಿದೆ.
ಉಪ್ಪುನೀರಿನ ಗುಟ್ಟು ಹೇಳುತ್ತಾಳೆಂದುಕೊಂಡಿದ್ದೆ.
ಅವಳು ಕೇಳಿದಳು:
'ನಿನ್ನ ಮಷೀನು ಹೇಳಿದಂಗೆ ಮಾಡಿ
ಒಂದು ಚೀಲ ಅಕ್ಕಿ ಕರಕಾದ್ರೆ
ದುಡ್ಡು ಯಾರು ಕೊಡ್ತಾರವ್ವಾ?'

ಸಾಹೇಬರಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು.

ನಿಯಮ ನಲವತ್ತೊಂದು:
'ಕರಕಾದರೆ, ಆಗ'
ಆಮೇಲೆ ಖಾಲಿ.
ಖಾಲಿ ಬಿಟ್ಟರೆ ಕೆಂಪು ತೋರಿಸುತ್ತದೆ ಯಂತ್ರ.
ತೋರಿಸಲಿ.

ನಿನ್ನೆ ರಾತ್ರಿ, ಗುರುತಿಲ್ಲದ ನಂಬರು,
ಹಿಂದೆ ಬೆಂಕಿಯ ಸದ್ದು, ಜರಡಿಯ ಸದ್ದು:
'ಅಕ್ಕಾ, ಆ ನಲವತ್ತೊಂದಕ್ಕೆ
ಏನಾದ್ರೂ ಬಂತಾ?'